ಜೇಮ್ಸ್ ಬಿ. ಲ್ಯಾನ್ಸಿಂಗ್

ಜೇಮ್ಸ್ ಬುಲ್ಲೋ ಲ್ಯಾನ್ಸಿಂಗ್ (ಜನ್ಮನಾಮ: ಜೇಮ್ಸ್ ಮಾರ್ಟಿನಿ, ಜನನ: ಜನವರಿ 14, 1902 – ಮರಣ: ಸೆಪ್ಟೆಂಬರ್ 1949) ಅಮೆರಿಕ ಸಂಯುಕ್ತ ಸಂಸ್ಥಾನದ ಧ್ವನಿವರ್ಧಕ ತಯಾರಕರು ಮತ್ತು ಧ್ವನಿ ತಂತ್ರಜ್ಞರು. ಲೌಡ್‌ಸ್ಪೀಕರ್‌ಗಳ ಲೋಕದಲ್ಲಿ ಪ್ರಸಿದ್ಧವಾಗಿರುವ ಆಲ್ಟೆಕ್ ಲ್ಯಾನ್ಸಿಂಗ್ ಮತ್ತು ಜೆಬಿಎಲ್ ಎಂಬ ಎರಡು ವ್ಯಾಪಾರನಾಮಗಳೂ ಇವರ ಹೆಸರಿನಿಂದಲೇ ಬಂದಿವೆ. ಜೆಬಿಎಲ್ ಎಂಬುದು ಇವರ ಹೆಸರಿನ ಮೂರು ಭಾಗಗಳ ಮೊದಲಕ್ಷರಗಳಿಂದ ಆದದ್ದು. ಚಲನಚಿತ್ರ ಮಂದಿರಗಳಿಗಾಗಿ ರೂಪುಗೊಂಡ ಧ್ವನಿ ತಂತ್ರವನ್ನು ಮನೆಯ ಕೋಣೆಗೆ ತಂದವರಲ್ಲಿ ಇವರು ಪ್ರಮುಖರು. ನಲವತ್ತೇಳು ವರ್ಷಗಳ ಬದುಕಿನಲ್ಲಿ ಇವರು ಎರಡು ಸಂಸ್ಥೆಗಳನ್ನು ಸ್ಥಾಪಿಸಿದರು. ಮೊದಲನೆಯದು ಪರರ ಕೈ ಸೇರಿತು. ಎರಡನೆಯದು ಸಾಲದ ಸುಳಿಯಲ್ಲಿದ್ದಾಗಲೇ ಇವರು ಜೀವನವನ್ನು ಕೊನೆಗೊಳಿಸಿಕೊಂಡರು. ಇವರು ರೂಪಿಸಿದ ಧ್ವನಿವರ್ಧಕಗಳಲ್ಲಿ ಹಲವು ಇಂದಿಗೂ ಸಂಗೀತಪ್ರಿಯರ ಮನೆಗಳಲ್ಲಿ ಬಳಕೆಯಲ್ಲಿವೆ.

ಆರಂಭಿಕ ಜೀವನ

ಜೇಮ್ಸ್ ಮಾರ್ಟಿನಿ ಇಲಿನಾಯ್ ರಾಜ್ಯದ ಮಕೂಪಿನ್ ಕೌಂಟಿಯಲ್ಲಿ ಜನಿಸಿದರು. ತಂದೆ ಹೆನ್ರಿ ಮಾರ್ಟಿನಿ ಕಲ್ಲಿದ್ದಲು ಗಣಿಗಳಲ್ಲಿ ಎಂಜಿನಿಯರ್ ಆಗಿದ್ದರು, ತಾಯಿ ಗ್ರೇಸ್. ಹದಿನಾಲ್ಕು ಮಕ್ಕಳ ದೊಡ್ಡ ಕುಟುಂಬದಲ್ಲಿ ಜೇಮ್ಸ್ ಒಂಬತ್ತನೆಯವರು. ಬಾಲ್ಯದಲ್ಲಿ ಕೆಲಕಾಲ ಇವರು ಲಿಚ್‌ಫೀಲ್ಡ್ ಪಟ್ಟಣದ ಬುಲ್ಲೋ ಎಂಬ ಕುಟುಂಬದೊಂದಿಗೆ ವಾಸವಾಗಿದ್ದರು. ಮುಂದೆ ಇವರು ತಮ್ಮ ಹೆಸರಿನ ನಡುವೆ ಸೇರಿಸಿಕೊಂಡದ್ದು ಈ ಕುಟುಂಬದ ಹೆಸರನ್ನೇ.

ವಿದ್ಯುತ್ ಮತ್ತು ಯಂತ್ರಗಳ ಬಗೆಗಿನ ಆಸಕ್ತಿ ಇವರಲ್ಲಿ ಚಿಕ್ಕಂದಿನಿಂದಲೇ ಕಾಣಿಸಿಕೊಂಡಿತು. ಸುಮಾರು ಹತ್ತನೆಯ ವಯಸ್ಸಿನಲ್ಲಿ ವಿದ್ಯುದಾವೇಶವನ್ನು ಸಂಗ್ರಹಿಸುವ ಲೇಡನ್ ಜಾಡಿಯೊಂದನ್ನು ತಾವೇ ತಯಾರಿಸಿ, ಅದರಿಂದ ಜೊತೆಗಾರರನ್ನು ಬೆಚ್ಚಿಬೀಳಿಸುತ್ತಿದ್ದರೆಂದು ಹೇಳಲಾಗುತ್ತದೆ. ಹನ್ನೆರಡರ ಪ್ರಾಯದಲ್ಲಿ ಇವರು ಕಟ್ಟಿದ ಪುಟ್ಟ ರೇಡಿಯೊ ಪ್ರೇಷಕದ ಸಂಕೇತಗಳು ಗ್ರೇಟ್ ಲೇಕ್ಸ್ ನೌಕಾನೆಲೆಯವರೆಗೂ ತಲುಪಿದವೆಂದೂ, ನೌಕಾಪಡೆಯವರು ಬಂದು ಆ ಪ್ರೇಷಕವನ್ನು ಕಳಚಿಸಿದರೆಂದೂ ಕತೆಯಿದೆ. ಸ್ಪ್ರಿಂಗ್‌ಫೀಲ್ಡ್ ನಗರದಲ್ಲಿ ಶಾಲಾಶಿಕ್ಷಣವನ್ನು ಪೂರೈಸಿದ ಇವರು ಎಂಜಿನಿಯರಿಂಗ್ ಪದವಿಯನ್ನು ಪಡೆಯಲಿಲ್ಲ. ಕೆಲಕಾಲ ವಾಣಿಜ್ಯ ತರಬೇತಿ ಪಡೆದು, ಬಳಿಕ ಮೋಟಾರು ವಾಹನಗಳ ಮೆಕ್ಯಾನಿಕ್ ಆಗಿ ದುಡಿದರು. ಲೋಹವನ್ನು ಸೂಕ್ಷ್ಮ ಅಳತೆಗೆ ಕಡೆದು ಜೋಡಿಸುವ ಕೈಚಳಕವೇ ಮುಂದೆ ಇವರ ವೃತ್ತಿಗೆ ಬುನಾದಿಯಾಯಿತು.

1924ರಲ್ಲಿ ತಾಯಿ ತೀರಿಕೊಂಡ ನಂತರ ಜೇಮ್ಸ್ ಮನೆ ತೊರೆದು ಪಶ್ಚಿಮದತ್ತ ಹೊರಟರು. ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ರೇಡಿಯೊ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿಯೇ ಗ್ಲೆನ್ನಾ ಪೀಟರ್‌ಸನ್ ಅವರನ್ನು ಭೇಟಿಯಾಗಿ 1925ರಲ್ಲಿ ವಿವಾಹವಾದರು. ವ್ಯವಹಾರದಲ್ಲಿ ಇವರ ಪಾಲುದಾರರಾದ ಕೆನೆತ್ ಡೆಕ್ಕರ್ ಅವರ ಪರಿಚಯವಾದದ್ದೂ ಇದೇ ಊರಿನಲ್ಲಿ.

ಲ್ಯಾನ್ಸಿಂಗ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ

ಲ್ಯಾನ್ಸಿಂಗ್ ಮತ್ತು ಡೆಕ್ಕರ್ ಲಾಸ್ ಏಂಜಲೀಸ್ ನಗರಕ್ಕೆ ಬಂದು 1927ರ ಮಾರ್ಚ್ ತಿಂಗಳಿನಲ್ಲಿ ಲ್ಯಾನ್ಸಿಂಗ್ ಮ್ಯಾನುಫ್ಯಾಕ್ಚರಿಂಗ್ ಕಂಪನಿಯನ್ನು ನೋಂದಾಯಿಸಿದರು. ಇದೇ ಹೊತ್ತಿಗೆ ಜೇಮ್ಸ್ ಮಾರ್ಟಿನಿ ತಮ್ಮ ಹೆಸರನ್ನು ಜೇಮ್ಸ್ ಬುಲ್ಲೋ ಲ್ಯಾನ್ಸಿಂಗ್ ಎಂದು ಬದಲಾಯಿಸಿಕೊಂಡರು. ವ್ಯವಹಾರದ ಲೆಕ್ಕಪತ್ರಗಳನ್ನು ಡೆಕ್ಕರ್ ನೋಡಿಕೊಂಡರೆ, ತಯಾರಿಕೆಯ ಹೊಣೆ ಲ್ಯಾನ್ಸಿಂಗ್ ಅವರದಾಗಿತ್ತು. ಆರಂಭದಲ್ಲಿ ಸಂಸ್ಥೆಯು ಮನೆಬಳಕೆಯ ರೇಡಿಯೊ ಪೆಟ್ಟಿಗೆಗಳಿಗೆ ಬೇಕಾದ 6 ಮತ್ತು 8 ಅಂಗುಲ ವ್ಯಾಸದ ಧ್ವನಿವರ್ಧಕಗಳನ್ನು ತಯಾರಿಸುತ್ತಿತ್ತು. ಇದೇ ವರ್ಷ ಹಾಲಿವುಡ್‌ನಲ್ಲಿ ವಾಕ್ಚಿತ್ರಗಳ ಯುಗ ಆರಂಭವಾಯಿತು. ಕೆಲವೇ ವರ್ಷಗಳಲ್ಲಿ ಅದು ಲ್ಯಾನ್ಸಿಂಗ್ ಅವರ ಕೆಲಸದ ದಿಕ್ಕನ್ನು ಬದಲಿಸಿತು.

ಶೀರರ್ ಕಹಳೆ

1930ರ ದಶಕದ ಆರಂಭದಲ್ಲಿ ಚಿತ್ರಮಂದಿರಗಳ ಧ್ವನಿಯ ಗುಣಮಟ್ಟ ತೃಪ್ತಿಕರವಾಗಿರಲಿಲ್ಲ. ಮೆಟ್ರೊ-ಗೋಲ್ಡ್‌ವಿನ್-ಮೇಯರ್ ಸ್ಟುಡಿಯೊದ ಧ್ವನಿ ವಿಭಾಗದ ಮುಖ್ಯಸ್ಥ ಡಗ್ಲಾಸ್ ಶೀರರ್ ತಾವೇ ಹೊಸ ವ್ಯವಸ್ಥೆಯೊಂದನ್ನು ರೂಪಿಸಲು ನಿರ್ಧರಿಸಿದರು. ಎಂಜಿನಿಯರ್ ಜಾನ್ ಹಿಲಿಯರ್ಡ್ ಈ ಯೋಜನೆಯನ್ನು ಮುನ್ನಡೆಸಿದರು. ಧ್ವನಿವರ್ಧಕದ ಘಟಕಗಳನ್ನು ತಯಾರಿಸಲು ಲ್ಯಾನ್ಸಿಂಗ್ ಅವರನ್ನು ಕರೆಸಲಾಯಿತು. ಭೌತವಿಜ್ಞಾನಿ ಜಾನ್ ಬ್ಲ್ಯಾಕ್‌ಬರ್ನ್ ಅವರೂ ತಂಡದಲ್ಲಿದ್ದರು.

ಅಂದಿನ ವ್ಯವಸ್ಥೆಗಳಲ್ಲಿದ್ದ ಒಂದು ದೋಷ ನೃತ್ಯದ ದೃಶ್ಯವೊಂದರಲ್ಲಿ ಬಯಲಾಯಿತು. ನಟಿ ಎಲಿನರ್ ಪೊವೆಲ್ ಅವರ ಟ್ಯಾಪ್ ನೃತ್ಯದ ಹೆಜ್ಜೆಸಪ್ಪಳ ಒಂದರ ಬದಲು ಎರಡು ಬಾರಿ ಕೇಳಿಸುತ್ತಿತ್ತು. ಮಂದ್ರಸ್ವರಗಳ ಕಹಳೆ ಉದ್ದವಾಗಿ ಮಡಿಚಿಕೊಂಡಿದ್ದುದರಿಂದ ಅದರೊಳಗಿನ ಶಬ್ದ ಹೆಚ್ಚು ದೂರ ಸಾಗಬೇಕಿತ್ತು. ತಾರಸ್ವರಗಳ ಕಹಳೆ ಚಿಕ್ಕದಾಗಿತ್ತು. ಹೀಗಾಗಿ ಒಂದೇ ಸಪ್ಪಳದ ಎರಡು ಭಾಗಗಳು ಸೆಕೆಂಡಿನ ಕೆಲವು ಸಾವಿರದ ಭಾಗಗಳಷ್ಟು ಅಂತರದಲ್ಲಿ ಕಿವಿಗೆ ಬೀಳುತ್ತಿದ್ದವು. ಹೊಸ ವ್ಯವಸ್ಥೆಯಲ್ಲಿ ಮಂದ್ರದ ಕಹಳೆಯನ್ನು ಗಿಡ್ಡವಾಗಿಸಿ ಎರಡೂ ದಾರಿಗಳನ್ನು ಹೊಂದಿಸಲಾಯಿತು. ಮಂದ್ರಕ್ಕೆ ಲ್ಯಾನ್ಸಿಂಗ್ ಅವರ 15 ಅಂಗುಲದ ಘಟಕಗಳನ್ನೂ, ತಾರಕ್ಕೆ ಹಲವು ಕೋಶಗಳುಳ್ಳ ಕಹಳೆಗೆ ಜೋಡಿಸಿದ ಇವರ 284 ಮಾದರಿಯ ಸಂಪೀಡನ ಘಟಕವನ್ನೂ ಬಳಸಲಾಯಿತು.

ಶೀರರ್ ಕಹಳೆ ಎಂದು ಹೆಸರಾದ ಈ ವ್ಯವಸ್ಥೆ ಚಲನಚಿತ್ರೋದ್ಯಮದ ಮಾದರಿಯಾಯಿತು. ಅದಕ್ಕಾಗಿ 1936ನೆಯ ಸಾಲಿನ ಅಕಾಡೆಮಿ ಪ್ರಶಸ್ತಿಗಳ ವೈಜ್ಞಾನಿಕ ಮತ್ತು ತಾಂತ್ರಿಕ ವಿಭಾಗದಲ್ಲಿ ಶೀರರ್ ಹಾಗೂ ಸ್ಟುಡಿಯೊದ ಧ್ವನಿ ವಿಭಾಗಕ್ಕೆ ಗೌರವ ಸಂದಿತು. ಘಟಕಗಳನ್ನು ತಯಾರಿಸಿದ ಲ್ಯಾನ್ಸಿಂಗ್ ಅವರ ಹೆಸರು ಆ ಪ್ರಶಸ್ತಿಯಲ್ಲಿ ಇರಲಿಲ್ಲ.

ಐಕಾನಿಕ್

ಚಿತ್ರಮಂದಿರದ ಧ್ವನಿವರ್ಧಕ ಆಳೆತ್ತರವನ್ನು ಮೀರಿದ್ದು, ಮನೆಯೊಳಗೆ ಇಡುವಂತಿರಲಿಲ್ಲ. ಅದೇ ತತ್ತ್ವವನ್ನು ಚಿಕ್ಕ ಗಾತ್ರಕ್ಕೆ ಇಳಿಸಿ 1937ರಲ್ಲಿ ಲ್ಯಾನ್ಸಿಂಗ್ ಸಂಸ್ಥೆ ಐಕಾನಿಕ್ ಎಂಬ ವ್ಯವಸ್ಥೆಯನ್ನು ಹೊರತಂದಿತು. ಪೆಟ್ಟಿಗೆಯೊಳಗೆ 15 ಅಂಗುಲದ ಮಂದ್ರ ಘಟಕ, ಮೇಲೆ ಪುಟ್ಟ ಕಹಳೆಗೆ ಜೋಡಿಸಿದ ತಾರ ಘಟಕ, ಸುಮಾರು 800 ಹರ್ಟ್ಸ್ ಆವರ್ತನದ ಬಳಿ ಧ್ವನಿಯನ್ನು ಎರಡಕ್ಕೂ ಹಂಚುವ ಮಂಡಲ ಇದರ ಅಂಗಗಳಾಗಿದ್ದವು. ಧ್ವನಿಮುದ್ರಣ ಸ್ಟುಡಿಯೊಗಳ ಜೊತೆಗೆ ಅನುಕೂಲವಂತರ ಮನೆಗಳಿಗೂ ಇದು ಪ್ರವೇಶ ಪಡೆಯಿತು. ಮುಂದಿನ ದಶಕಗಳಲ್ಲಿ ಬಂದ ದೊಡ್ಡ ಗಾತ್ರದ ಗೃಹ ಧ್ವನಿವರ್ಧಕಗಳಲ್ಲಿ ಅನೇಕವು ಇದೇ ವಿನ್ಯಾಸದ ಜಾಡಿನಲ್ಲಿವೆ.

ಆಲ್ಟೆಕ್ ಲ್ಯಾನ್ಸಿಂಗ್

1939ರಲ್ಲಿ ಕೆನೆತ್ ಡೆಕ್ಕರ್ ವಿಮಾನ ಅಪಘಾತದಲ್ಲಿ ಮೃತಪಟ್ಟರು. ವ್ಯವಹಾರದ ಆಧಾರಸ್ತಂಭವಾಗಿದ್ದವರನ್ನು ಕಳೆದುಕೊಂಡ ಸಂಸ್ಥೆ ಹಣಕಾಸಿನ ಮುಗ್ಗಟ್ಟಿಗೆ ಸಿಲುಕಿತು. ಹೊಸ ಘಟಕವನ್ನು ರೂಪಿಸುವುದರಲ್ಲಿ ನಿಪುಣರಾಗಿದ್ದ ಲ್ಯಾನ್ಸಿಂಗ್ ಅವರಿಗೆ ಲೆಕ್ಕಪತ್ರ ಮತ್ತು ಮಾರಾಟದ ನಿರ್ವಹಣೆ ಒಗ್ಗಲಿಲ್ಲ. 1941ರ ಡಿಸೆಂಬರ್ 4ರಂದು ಆಲ್ಟೆಕ್ ಸರ್ವಿಸ್ ಕಾರ್ಪೊರೇಷನ್ ಈ ಸಂಸ್ಥೆಯನ್ನು ಕೊಂಡುಕೊಂಡಿತು. ವೆಸ್ಟರ್ನ್ ಎಲೆಕ್ಟ್ರಿಕ್ ಬಳಗವು ಚಿತ್ರಮಂದಿರಗಳ ಸಲಕರಣೆಗಳ ನಿರ್ವಹಣೆಯಿಂದ ಹಿಂದೆ ಸರಿದಾಗ ಅಲ್ಲಿನ ಎಂಜಿನಿಯರುಗಳು ಕಟ್ಟಿಕೊಂಡಿದ್ದ ಸಂಸ್ಥೆ ಆಲ್ಟೆಕ್. ಸೇವೆಯಷ್ಟನ್ನೇ ಒದಗಿಸುತ್ತಿದ್ದ ಅದಕ್ಕೆ ತಯಾರಿಕಾ ಘಟಕವೊಂದು ಬೇಕಾಗಿತ್ತು. ಹೊಸ ಸಂಸ್ಥೆಗೆ ಆಲ್ಟೆಕ್ ಲ್ಯಾನ್ಸಿಂಗ್ ಕಾರ್ಪೊರೇಷನ್ ಎಂದು ಹೆಸರಾಯಿತು. ಲ್ಯಾನ್ಸಿಂಗ್ ಅದರ ಎಂಜಿನಿಯರಿಂಗ್ ವಿಭಾಗದ ಉಪಾಧ್ಯಕ್ಷರಾಗಿ ಐದು ವರ್ಷಗಳ ಕರಾರಿಗೆ ಸಹಿ ಹಾಕಿದರು. ಈ ಮಾರಾಟದೊಂದಿಗೆ ಲ್ಯಾನ್ಸಿಂಗ್ ಎಂಬ ವ್ಯಾಪಾರನಾಮವೂ ಆಲ್ಟೆಕ್‌ನ ಆಸ್ತಿಯಾಯಿತು.

ಈ ಅವಧಿಯ ಎರಡು ಕೃತಿಗಳು ಮುಖ್ಯವಾದವು. ಒಂದು, 604 ಡ್ಯೂಪ್ಲೆಕ್ಸ್. ಇದರಲ್ಲಿ 15 ಅಂಗುಲದ ಮಂದ್ರ ಘಟಕದ ನಡುವಿನಿಂದಲೇ ತಾರ ಘಟಕದ ಕಹಳೆ ಹೊರಚಾಚಿರುತ್ತದೆ. ಎರಡೂ ಶಬ್ದಗಳು ಒಂದೇ ಬಿಂದುವಿನಿಂದ ಹೊಮ್ಮಿದಂತೆ ಕೇಳಿಸುವುದು ಇದರ ವಿಶೇಷ. ಅಮೆರಿಕದ ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ದಶಕಗಳ ಕಾಲ ಇದು ಅಳತೆಗೋಲಾಗಿತ್ತು. ಇನ್ನೊಂದು, ಹಿಲಿಯರ್ಡ್ ಅವರೊಂದಿಗೆ ರೂಪಿಸಿ 1945ರಲ್ಲಿ ಬಿಡುಗಡೆಯಾದ ವಾಯ್ಸ್ ಆಫ್ ದಿ ಥಿಯೇಟರ್ ಶ್ರೇಣಿ. ಯುದ್ಧಾನಂತರದ ಚಿತ್ರಮಂದಿರಗಳಲ್ಲಿ ಅದು ವ್ಯಾಪಕವಾಗಿ ನೆಲೆಯೂರಿತು.

ಸ್ವಂತ ಸಂಸ್ಥೆ ಮತ್ತು ಹೆಸರಿನ ವಿವಾದ

ಕರಾರು ಮುಗಿದ ಕೂಡಲೇ ಲ್ಯಾನ್ಸಿಂಗ್ ಆಲ್ಟೆಕ್ ಅನ್ನು ತೊರೆದು, 1946ರ ಅಕ್ಟೋಬರ್ 1ರಂದು ಲ್ಯಾನ್ಸಿಂಗ್ ಸೌಂಡ್ ಇನ್‌ಕಾರ್ಪೊರೇಟೆಡ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಲ್ಯಾನ್ಸಿಂಗ್ ಎಂಬ ಹೆಸರು ತನ್ನದೆಂದು ಆಲ್ಟೆಕ್ ಆಕ್ಷೇಪಿಸಿತು. ತಾವೇ ಆರಿಸಿಕೊಂಡ ಹೆಸರನ್ನು ತಮ್ಮದೇ ಕಾರ್ಯಾಗಾರದ ಬಾಗಿಲ ಮೇಲೆ ಬರೆಯಲು ಇವರಿಗೆ ಅಡ್ಡಿಯಾಯಿತು. ಕೊನೆಗೆ ಸಂಸ್ಥೆಯ ಹೆಸರನ್ನು ಜೇಮ್ಸ್ ಬಿ. ಲ್ಯಾನ್ಸಿಂಗ್ ಸೌಂಡ್ ಇನ್‌ಕಾರ್ಪೊರೇಟೆಡ್ ಎಂದು ಬದಲಿಸಲಾಯಿತು. ಐಕಾನಿಕ್ ಎಂಬ ಹೆಸರಿನ ಬಳಕೆಗೂ ಇದೇ ಬಗೆಯ ತಕರಾರು ಎದ್ದಿತು.

ಹೊಸ ಸಂಸ್ಥೆಯ ಮೊದಲ ಉತ್ಪನ್ನವಾದ ಡಿ-101 ಆಲ್ಟೆಕ್‌ನ 15 ಅಂಗುಲದ ಘಟಕವನ್ನೇ ಬಹುಮಟ್ಟಿಗೆ ಹೋಲುತ್ತಿತ್ತು. ಅದರ ಬೆನ್ನಲ್ಲೇ ಬಂದ ಡಿ-130 ಲ್ಯಾನ್ಸಿಂಗ್ ಅವರಿಗೆ ಶಾಶ್ವತ ಕೀರ್ತಿಯನ್ನು ತಂದಿತು. 12 ಅಂಗುಲದ ಡಿ-131, 8 ಅಂಗುಲದ ಡಿ-208 ಹಾಗೂ ತಾರಸ್ವರಗಳಿಗಾಗಿ ಡಿ-175 ಎಂಬ ಘಟಕಗಳೂ ಈ ವರ್ಷಗಳಲ್ಲಿಯೇ ಸಿದ್ಧವಾದವು.

ಬಂಡವಾಳದ ಕೊರತೆ ಮಾತ್ರ ಇವರನ್ನು ಬಿಡಲಿಲ್ಲ. 1947ರಲ್ಲಿ ಮಾರ್ಕ್ವಾರ್ಟ್ ಏವಿಯೇಷನ್ ಎಂಬ ವಿಮಾನ ಎಂಜಿನ್ ಸಂಸ್ಥೆ ಹಣ ಹೂಡಲು ಮುಂದಾಯಿತು. ಅದರ ಖಜಾಂಚಿ ವಿಲಿಯಂ ಥಾಮಸ್ ಲ್ಯಾನ್ಸಿಂಗ್ ಅವರ ಸಂಸ್ಥೆಯ ಆಡಳಿತದಲ್ಲಿ ಪಾಲ್ಗೊಂಡರು. ಆದರೆ 1949ರಲ್ಲಿ ಜನರಲ್ ಟೈರ್ ಸಂಸ್ಥೆ ಮಾರ್ಕ್ವಾರ್ಟ್ ಅನ್ನು ಖರೀದಿಸಿತು. ಧ್ವನಿವರ್ಧಕಗಳಲ್ಲಿ ಹೊಸ ಒಡೆಯರಿಗೆ ಆಸಕ್ತಿ ಇರದ ಕಾರಣ ಲ್ಯಾನ್ಸಿಂಗ್ ಅವರ ಸಂಸ್ಥೆ ಮತ್ತೆ ಒಂಟಿಯಾಯಿತು. ಸಾಲದ ಹೊರೆ ಬೆಳೆಯುತ್ತಲೇ ಇತ್ತು.

ಮರಣ

1949ರ ಸೆಪ್ಟೆಂಬರ್ ತಿಂಗಳಿನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್‌ನಲ್ಲಿದ್ದ ತಮ್ಮ ತೋಟದ ಮನೆಯಲ್ಲಿ ಲ್ಯಾನ್ಸಿಂಗ್ ಆತ್ಮಹತ್ಯೆ ಮಾಡಿಕೊಂಡರು. ಸಂಸ್ಥೆಯನ್ನು ಫಲಾನುಭವಿಯಾಗಿ ಹೆಸರಿಸಿದ್ದ 10,000 ಡಾಲರ್‌ಗಳ ಜೀವವಿಮೆಯ ಹಣ ಸಂಸ್ಥೆಗೆ ಸಂದಾಯವಾಯಿತು. ಅಧ್ಯಕ್ಷ ಸ್ಥಾನಕ್ಕೆ ಬಂದ ವಿಲಿಯಂ ಥಾಮಸ್ ಆ ಹಣದ ನೆರವಿನಿಂದ ಸಂಸ್ಥೆಯನ್ನು ಮುಳುಗದಂತೆ ಕಾಪಾಡಿದರು. ನಂತರ ಅವರು ಗ್ಲೆನ್ನಾ ಲ್ಯಾನ್ಸಿಂಗ್ ಅವರ ಪಾಲನ್ನೂ ಕೊಂಡುಕೊಂಡರು. ತಮ್ಮ ಸಂಸ್ಥೆಯ ಏಳಿಗೆಯ ದಿನಗಳನ್ನು ಲ್ಯಾನ್ಸಿಂಗ್ ಕಾಣಲಿಲ್ಲ.

ತಾಂತ್ರಿಕ ಕೊಡುಗೆ

ಧ್ವನಿವರ್ಧಕದಲ್ಲಿ ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ಚಲಿಸುತ್ತದೆ. ಅದಕ್ಕೆ ಅಂಟಿಕೊಂಡ ಕಾಗದದ ಶಂಕು ಗಾಳಿಯನ್ನು ಅಲುಗಿಸಿ ಶಬ್ದವನ್ನು ಹೊಮ್ಮಿಸುತ್ತದೆ. ಸಾಮಾನ್ಯವಾಗಿ ಈ ಸುರುಳಿಯನ್ನು ದುಂಡು ತಂತಿಯಿಂದ ಸುತ್ತುತ್ತಾರೆ. ಆಗ ಸುತ್ತುಗಳ ನಡುವೆ ಖಾಲಿ ಜಾಗ ಉಳಿಯುತ್ತದೆ. ಲ್ಯಾನ್ಸಿಂಗ್ ಚಪ್ಪಟೆಯಾದ ಲೋಹದ ಪಟ್ಟಿಯನ್ನು ಅಂಚಿನ ಮೇಲೆ ನಿಲ್ಲಿಸಿ ಸುತ್ತುವ ವಿಧಾನವನ್ನು ಕರಗತ ಮಾಡಿಕೊಂಡರು. ಇದರಿಂದ ಅದೇ ಸಂದಿನಲ್ಲಿ ಹೆಚ್ಚು ಲೋಹ ಹಿಡಿದು, ವಿದ್ಯುಚ್ಛಕ್ತಿ ಶಬ್ದವಾಗಿ ಮಾರ್ಪಡುವ ಪ್ರಮಾಣ ಹೆಚ್ಚಿತು.

ಡಿ-130ರಲ್ಲಿ ಈ ಸುರುಳಿಯ ವ್ಯಾಸ 4 ಅಂಗುಲ. ಆ ಗಾತ್ರದ ಸುರುಳಿಯನ್ನು ಶಂಕುವಿನ ಧ್ವನಿವರ್ಧಕಕ್ಕೆ ಅಳವಡಿಸಿದ್ದು ಆ ಕಾಲದಲ್ಲಿ ಹೊಸತು. ದೊಡ್ಡ ಸುರುಳಿಯಿಂದ ಶಾಖ ಬೇಗ ಚದುರುತ್ತದೆ. ಶಂಕುವಿಗೆ ಬಿಗಿಯಾದ ಆಧಾರವೂ ದೊರೆಯುತ್ತದೆ. ನಡುವೆ ಹೊಳೆಯುವ ಅಲ್ಯೂಮಿನಿಯಂ ಗುಮ್ಮಟ ಮುಂದೆ ಈ ಸಂಸ್ಥೆಯ ಧ್ವನಿವರ್ಧಕಗಳ ಗುರುತಾಯಿತು. ಯುದ್ಧಪೂರ್ವದ ಧ್ವನಿವರ್ಧಕಗಳಲ್ಲಿ ವಿದ್ಯುದಯಸ್ಕಾಂತ ಇರುತ್ತಿದ್ದು, ಅದಕ್ಕೆ ಪ್ರತ್ಯೇಕ ವಿದ್ಯುತ್ ಪೂರೈಕೆ ಬೇಕಿತ್ತು. ಆಲ್ನಿಕೊ 5 ಎಂಬ ಪ್ರಬಲ ಮಿಶ್ರಲೋಹದ ಕಾಯಂ ಅಯಸ್ಕಾಂತವನ್ನು ಬಳಸಿದ್ದರಿಂದ ಆ ತೊಡಕು ನಿವಾರಣೆಯಾಯಿತು. ಮನೆಯ ಕೇಳುಗನಿಗೆ ಎರಡು ತಂತಿಗಳನ್ನು ಜೋಡಿಸಿದರೆ ಸಾಕಾಯಿತು.

ಮನೆಗಳಲ್ಲಿ ಲ್ಯಾನ್ಸಿಂಗ್ ಧ್ವನಿವರ್ಧಕಗಳು

ಲ್ಯಾನ್ಸಿಂಗ್ ಅವರ ನಿಧನದ ನಂತರದ ದಶಕದಲ್ಲಿ ಹೈ-ಫೈ ಹವ್ಯಾಸ ಅಮೆರಿಕದಲ್ಲಿ ವ್ಯಾಪಕವಾಯಿತು. ಇವರ ಸಂಸ್ಥೆ 1954ರಲ್ಲಿ ಹಾರ್ಟ್ಸ್‌ಫೀಲ್ಡ್ ಎಂಬ, ಕೋಣೆಯ ಮೂಲೆಯಲ್ಲಿ ಇಡುವ ದೊಡ್ಡ ಕಹಳೆ ವ್ಯವಸ್ಥೆಯನ್ನು ಹೊರತಂದಿತು. 1955ರಲ್ಲಿ ಲೈಫ್ ನಿಯತಕಾಲಿಕವು ಅದನ್ನು ಪರಿಚಯಿಸಿದ್ದರಿಂದ ಅದು ಮನೆಮಾತಾಯಿತು. 1957ರಲ್ಲಿ ಬಂದ ಪ್ಯಾರಗಾನ್ ಎರಡೂ ಬದಿಯ ಧ್ವನಿವರ್ಧಕಗಳನ್ನು ಒಂದೇ ಪೀಠೋಪಕರಣದಲ್ಲಿ ಅಡಗಿಸಿಕೊಂಡಿತ್ತು. ಸುಮಾರು 2.6 ಮೀಟರ್ ಅಗಲದ ಅದರ ಮುಂಭಾಗದಲ್ಲಿ ಬಾಗಿದ ಮರದ ಹಲಗೆಯೊಂದಿದ್ದು, ಶಬ್ದ ಅದಕ್ಕೆ ತಾಗಿ ಕೋಣೆಯಲ್ಲೆಲ್ಲ ಹರಡುತ್ತಿತ್ತು. ರಿಚರ್ಡ್ ರೇಂಜರ್ ಅವರ ಕಲ್ಪನೆಗೆ ಆರ್ನಲ್ಡ್ ವುಲ್ಫ್ ರೂಪ ಕೊಟ್ಟ ಈ ಮಾದರಿ 1980ರ ದಶಕದ ಆರಂಭದವರೆಗೂ ತಯಾರಾಗುತ್ತಿತ್ತು. 1970ರಲ್ಲಿ ಬಂದ ಎಲ್-100 ಚಿಕ್ಕದಾಗಿದ್ದು, ಮಧ್ಯಮ ವರ್ಗದ ಮನೆಗಳಿಗೂ ತಲುಪಿ ಅಪಾರ ಸಂಖ್ಯೆಯಲ್ಲಿ ಮಾರಾಟವಾಯಿತು.

ಲ್ಯಾನ್ಸಿಂಗ್ ಪರಂಪರೆಯ ಧ್ವನಿವರ್ಧಕಗಳನ್ನು ಇಟ್ಟುಕೊಂಡವರು ಮೊದಲು ಹೇಳುವ ಗುಣ ಅವುಗಳ ಸಂವೇದನಶೀಲತೆ. ಒಂದು ವ್ಯಾಟ್ ಶಕ್ತಿಗೆ ಒಂದು ಮೀಟರ್ ದೂರದಲ್ಲಿ ಡಿ-130 ಸುಮಾರು 100 ಡೆಸಿಬೆಲ್ ಮಟ್ಟದ ಶಬ್ದವನ್ನು ಕೊಡುತ್ತದೆ. ಇಂದಿನ ಸಾಮಾನ್ಯ ಗೃಹ ಧ್ವನಿವರ್ಧಕಗಳಲ್ಲಿ ಈ ಮಟ್ಟ ಬಹುಮಟ್ಟಿಗೆ 85ರಿಂದ 90 ಡೆಸಿಬೆಲ್. 10 ಡೆಸಿಬೆಲ್ ಅಂತರವನ್ನು ತುಂಬಲು ಹತ್ತು ಪಟ್ಟು ಶಕ್ತಿ ಬೇಕಾಗುವುದರಿಂದ, ಹಳೆಯ ಘಟಕಗಳಿಗೆ ಕೆಲವೇ ವ್ಯಾಟ್‌ಗಳ ಕವಾಟ ಆಂಪ್ಲಿಫೈಯರ್ ಸಾಲುತ್ತದೆ. ತಬಲ, ಪಿಯಾನೊ, ತುತ್ತೂರಿಗಳ ಹಠಾತ್ ಏರಿಳಿತಗಳು ಕುಗ್ಗದೆ ಕೇಳಿಬರುವುದಕ್ಕೆ ಇದೇ ಮುಖ್ಯ ಕಾರಣ.

ಇವುಗಳ ಮಿತಿಗಳೂ ಒಡೆಯರಿಗೆ ಚೆನ್ನಾಗಿ ಗೊತ್ತು. ಡಿ-130 ಒಂದನ್ನೇ ಬಳಸಿದರೆ ತೀರ ಕೆಳಗಿನ ಮಂದ್ರವೂ ತೀರ ಮೇಲಿನ ತಾರವೂ ಸಾಕಷ್ಟು ಸಿಗುವುದಿಲ್ಲ. ಜೊತೆಗೆ ತಾರ ಘಟಕವೂ ದೊಡ್ಡ ಪೆಟ್ಟಿಗೆಯೂ ಬೇಕು. ಚಿಕ್ಕ ಕೋಣೆಯಲ್ಲಿ ಕಹಳೆಗೆ ಹತ್ತಿರ ಕುಳಿತರೆ ತಾರಸ್ವರಗಳು ಕಿವಿಗೆ ಚುಚ್ಚುತ್ತವೆ. ಮುದ್ರಣದಲ್ಲಿನ ದೋಷಗಳು ಮರೆಯಾಗದೆ ಎದ್ದು ಕಾಣುತ್ತವೆ. 604 ಡ್ಯೂಪ್ಲೆಕ್ಸ್ ವಿಷಯದಲ್ಲಿ ಮೂಲ ಘಟಕವನ್ನು ಮೆಚ್ಚಿದವರೂ ಅದರೊಂದಿಗೆ ಬರುತ್ತಿದ್ದ ಧ್ವನಿ ಹಂಚಿಕೆಯ ಮಂಡಲದಿಂದ ತೃಪ್ತರಾಗಲಿಲ್ಲ. ಲಾಸ್ ಏಂಜಲೀಸ್‌ನ ದಿ ಮಾಸ್ಟರಿಂಗ್ ಲ್ಯಾಬ್ ರೂಪಿಸಿದ ಬದಲಿ ಮಂಡಲವನ್ನು ಅಳವಡಿಸುವುದು ಒಂದು ಪದ್ಧತಿಯೇ ಆಯಿತು.

ಬಾಳಿಕೆಯ ವಿಷಯದಲ್ಲಿ ಹಳೆಯ ಮತ್ತು ಹೊಸ ಮಾದರಿಗಳ ನಡುವೆ ಕುತೂಹಲಕರ ವ್ಯತ್ಯಾಸವಿದೆ. ಡಿ-130ರ ಶಂಕುವಿನ ಅಂಚು ನೆರಿಗೆ ಹಾಕಿದ ಕಾಗದದ್ದಾಗಿರುವುದರಿಂದ ದಶಕಗಳ ಕಾಲ ಉಳಿಯುತ್ತದೆ. ನಂತರದ ಹಲವು ಮಾದರಿಗಳಲ್ಲಿ ಬಳಸಿದ ಫೋಮ್ ಅಂಚು ಕೆಲವು ವರ್ಷಗಳಲ್ಲಿಯೇ ಪುಡಿಯಾಗಿ ಉದುರುತ್ತದೆ. ಆಗ ಅಂಚನ್ನು ಬದಲಿಸಬೇಕಾಗುತ್ತದೆ. ಆಲ್ನಿಕೊ ಅಯಸ್ಕಾಂತಗಳು ಬಲವಾದ ಆಘಾತಕ್ಕೆ ಅಥವಾ ಅತಿಯಾದ ವಿದ್ಯುತ್ ಪ್ರವಾಹಕ್ಕೆ ಒಳಗಾದರೆ ಸ್ವಲ್ಪಮಟ್ಟಿಗೆ ಶಕ್ತಿಗುಂದಬಹುದಾದರೂ, ಅವುಗಳನ್ನು ಮತ್ತೆ ಕಾಂತೀಕರಿಸಲು ಸಾಧ್ಯವಿದೆ. ಸುಟ್ಟ ಸುರುಳಿಯನ್ನೂ ಹರಿದ ಶಂಕುವನ್ನೂ ತೆಗೆದು ಹೊಸತನ್ನು ಕೂರಿಸಬಹುದು. ಆದರೆ ಹಾಗೆ ಮಾಡಿದಾಗ ಮೂಲಧ್ವನಿ ಎಷ್ಟು ಉಳಿಯುತ್ತದೆ ಎಂಬುದು ಸಂಗ್ರಾಹಕರ ನಡುವೆ ಮುಗಿಯದ ಚರ್ಚೆ. ಹೊಸ ಶಂಕುವಿನ ಘಟಕಕ್ಕಿಂತ ಮೂಲ ಶಂಕುವಿರುವ ಘಟಕಕ್ಕೆ ಅವರು ಹೆಚ್ಚಿನ ಬೆಲೆ ಕೊಡುತ್ತಾರೆ.

ಅಮೆರಿಕದ ಹೊರಗೆ ಈ ಧ್ವನಿವರ್ಧಕಗಳಿಗೆ ಅತಿ ಹೆಚ್ಚಿನ ಆದರ ದೊರೆತದ್ದು ಜಪಾನಿನಲ್ಲಿ. ಅಲ್ಲಿನ ಜಾಝ್ ಕಿಸ್ಸಾ ಎಂಬ ಕಾಫಿಗೃಹಗಳಲ್ಲಿ ಗ್ರಾಹಕರು ಮೌನವಾಗಿ ಕುಳಿತು, ದೊಡ್ಡ ಜೆಬಿಎಲ್ ಅಥವಾ ಆಲ್ಟೆಕ್ ಧ್ವನಿವರ್ಧಕಗಳಲ್ಲಿ ಧ್ವನಿಮುದ್ರಿಕೆಗಳನ್ನು ಆಲಿಸುವ ಸಂಪ್ರದಾಯ ಬೆಳೆಯಿತು. ಮನೆಯಲ್ಲಿ ಇಂಥ ಸಲಕರಣೆಗೆ ಸ್ಥಳವೂ ಹಣವೂ ಇಲ್ಲದವರಿಗೆ ಒಂದು ಬಟ್ಟಲು ಕಾಫಿಯ ಬೆಲೆಗೆ ಆ ಅನುಭವ ಸಿಗುತ್ತಿತ್ತು.

ಸಂಗೀತಗಾರರಿಗೂ ಡಿ-130 ಉಪಯುಕ್ತವಾಯಿತು. ಲಿಯೊ ಫೆಂಡರ್ ತಮ್ಮ ಗಿಟಾರ್ ಆಂಪ್ಲಿಫೈಯರ್‌ಗಳಲ್ಲಿ ಅದನ್ನು ಬಳಸಿದರು. ಗಿಟಾರ್ ವಾದನದ ತೀವ್ರತೆಗೆ ಒಗ್ಗುವಂತೆ ಮಾರ್ಪಡಿಸಿದ ಆವೃತ್ತಿಯನ್ನು ಡಿ-130ಎಫ್ ಎಂದು ಕರೆಯಲಾಯಿತು.

ಪರಂಪರೆ

ಹೆಸರಿನ ಕುರಿತಾದ ತಕರಾರು ಲ್ಯಾನ್ಸಿಂಗ್ ಅವರ ಮರಣದೊಂದಿಗೆ ಮುಗಿಯಲಿಲ್ಲ. 1950ರ ದಶಕದಲ್ಲಿ ಆಲ್ಟೆಕ್ ಮತ್ತೆ ಆಕ್ಷೇಪ ಎತ್ತಿದಾಗ, 1955ರಲ್ಲಿ ಸಂಸ್ಥೆಯು ಮೊದಲಕ್ಷರಗಳನ್ನಷ್ಟೇ ಉಳಿಸಿಕೊಂಡು ಜೆಬಿಎಲ್ ಎಂಬ ವ್ಯಾಪಾರನಾಮವನ್ನು ಸ್ವೀಕರಿಸಿತು. 1969ರಲ್ಲಿ ಸಿಡ್ನಿ ಹಾರ್ಮನ್ ಅವರ ಸಂಸ್ಥೆ ಜೆಬಿಎಲ್ ಅನ್ನು ಕೊಂಡುಕೊಂಡಿತು. 2017ರಲ್ಲಿ ಹಾರ್ಮನ್ ಬಳಗ ಸ್ಯಾಮ್‌ಸಂಗ್ ಒಡೆತನಕ್ಕೆ ಸೇರಿತು. 2018ರಲ್ಲಿ ಎಲ್-100 ಮಾದರಿಯ ಹೊಸ ಆವೃತ್ತಿಯನ್ನು ಎಲ್-100 ಕ್ಲಾಸಿಕ್ ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಲಾಯಿತು. ಆಲ್ಟೆಕ್ ಲ್ಯಾನ್ಸಿಂಗ್ ಹೆಸರು ಹಲವು ಕೈಗಳನ್ನು ದಾಟಿ, ಕಂಪ್ಯೂಟರ್‌ಗಳ ಪಕ್ಕದಲ್ಲಿಡುವ ಸಣ್ಣ ಸ್ಪೀಕರ್‌ಗಳ ಮೂಲಕ ಭಾರತದಲ್ಲಿಯೂ ಪರಿಚಿತವಾಯಿತು.

ಚಿತ್ರಮಂದಿರ, ಧ್ವನಿಮುದ್ರಣ ಸ್ಟುಡಿಯೊ, ವೇದಿಕೆ ಮತ್ತು ಮನೆ ಎಂಬ ನಾಲ್ಕೂ ಕ್ಷೇತ್ರಗಳಲ್ಲಿ ಲ್ಯಾನ್ಸಿಂಗ್ ಅವರ ಕೆಲಸದ ಪ್ರಭಾವವನ್ನು ಕಾಣಬಹುದು. ಅಂಚಿನ ಮೇಲೆ ಸುತ್ತಿದ ಪಟ್ಟಿಯ ಸುರುಳಿ ಮತ್ತು 4 ಅಂಗುಲದ ಸುರುಳಿಯ ವಿನ್ಯಾಸ ಇವರ ನಂತರವೂ ಜೆಬಿಎಲ್ ಘಟಕಗಳಲ್ಲಿ ದಶಕಗಳ ಕಾಲ ಮುಂದುವರಿಯಿತು. ಇಂದು ಅಂಗೈಯಲ್ಲಿ ಹಿಡಿಯುವ ಬ್ಲೂಟೂತ್ ಸ್ಪೀಕರ್‌ಗಳ ಮೇಲೆಯೂ ಇವರ ಮೊದಲಕ್ಷರಗಳಿವೆ. ಪೈಪೋಟಿಯ ಎರಡು ಸಂಸ್ಥೆಗಳ ಹೆಸರುಗಳೂ ಒಬ್ಬರೇ ವ್ಯಕ್ತಿಯಿಂದ ಬಂದವು ಎಂಬುದು ಅವುಗಳ ಬಳಕೆದಾರರಲ್ಲಿ ಅನೇಕರಿಗೆ ತಿಳಿದಿಲ್ಲ.